ಹಳೆಯ ಹೈಡ್ರೋಪೋನಿಕ್ಸ್ ಘಟಕ ಕೊಂಡಿರಾ? ಮೊದಲು ಬರಿಯ ನೀರು ಹರಿಸಿ ನೋಡಿ

ಹೈಡ್ರೋಪೋನಿಕ್ಸ್ ಎಂದರೆ ಮಣ್ಣಿಲ್ಲದೆ, ಗೊಬ್ಬರ ಬೆರೆಸಿದ ನೀರಿನಲ್ಲಿ ಗಿಡ ಬೆಳೆಸುವುದು. ಯಾರೋ ಬಳಸಿ ಬಿಟ್ಟ ಇಂಥ ಘಟಕದ ಜೊತೆ ಕೈಪಿಡಿ ಬರುವುದು ಅಪರೂಪ. ತೂತು ಕೊರೆದ ಬಿಳಿ ಪೈಪುಗಳು, ಒಂದು ಡ್ರಮ್ಮು, ಪಾಚಿ ಹಿಡಿದ ಪಂಪು, ಚೀಲದ ತುಂಬ ಎಲ್ಬೋ ಮತ್ತು ಜಾಲರಿ ಕುಂಡ ಇಷ್ಟು ಸಿಗುತ್ತವೆ. ಗೊಬ್ಬರ, ಬೀಜ ಕೊಳ್ಳುವ ಅವಸರ ಬೇಡ. ಘಟಕದ ಸ್ವಭಾವ ತಿಳಿಯಲು ನೀರು ಹೊರಹೋಗುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಸಾಕು.

ಹೊರಬಾಯಿ ಪೈಪಿನ ತಳಕ್ಕೇ ಇದ್ದರೆ ನೀರು ತೆಳುವಾಗಿ ಸದಾ ಹರಿಯುತ್ತಿರಬೇಕು. ಇದು ಎನ್‌ಎಫ್‌ಟಿ (ನ್ಯೂಟ್ರಿಯೆಂಟ್ ಫಿಲ್ಮ್ ಟೆಕ್ನಿಕ್). ತಳದಿಂದ ಒಂದೆರಡು ಇಂಚು ಮೇಲಿದ್ದರೆ ಪೈಪಿನಲ್ಲಿ ನೀರು ನಿಲ್ಲುತ್ತದೆ, ಇದು ಡಿಎಫ್‌ಟಿ (ಡೀಪ್ ಫ್ಲೋ ಟೆಕ್ನಿಕ್). ಅಗಲವಾದ ತಟ್ಟೆಯಲ್ಲಿ ಒಂದು ಗಿಡ್ಡ, ಒಂದು ಉದ್ದ ಕೊಳವೆ ಇದ್ದು, ಜೊತೆಗೆ ಟೈಮರ್ ಸಿಕ್ಕಿದರೆ ಆಗಾಗ ನೀರು ತುಂಬಿ ಇಳಿಯುವ ಬಗೆ. ಬರಿಯ ತೊಟ್ಟಿ, ಗಾಳಿಗುಳ್ಳೆ ಬಿಡುವ ಕಲ್ಲು ಮಾತ್ರ ಇದ್ದರೆ ಬೇರು ನೇರವಾಗಿ ನೀರಿನಲ್ಲಿ ತೇಲುತ್ತದೆ.

ಜೋಡಿಸುವ ಮೊದಲು ತೊಳೆಯಿರಿ. ಹಳೆಯ ಗಿಡದ ಬೇರುಕೊಳೆ ರೋಗ ಪೈಪಿನೊಳಗೆ ಉಳಿದಿರಬಹುದು. ಬ್ಲೀಚಿಂಗ್ ಪುಡಿಯ ತಿಳಿನೀರು ಹಾಯಿಸಿ, ಎರಡು ಮೂರು ಬಾರಿ ಒಳ್ಳೆಯ ನೀರಿನಲ್ಲಿ ಜಾಲಾಡಿ. ಬಿಳಿಯ ಉಪ್ಪಿನ ಪದರ ಬಿಡಿಸಲು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೇಕಾಗುತ್ತದೆ, ಆದರೆ ಇವೆರಡನ್ನೂ ಎಂದಿಗೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ.

ಎನ್‌ಎಫ್‌ಟಿ ಆದರೆ ಮೀಟರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿಜಾರು ಕೊಡಿ. ಅಡಿಕೆ ದಬ್ಬೆಯಲ್ಲಿ ಗುಡ್ಡದ ನೀರನ್ನು ಮನೆಗೆ ಇಳಿಸಿಕೊಂಡ ಮಲೆನಾಡಿಗರಿಗೆ ಈ ಲೆಕ್ಕ ಕಣ್ಣಳತೆಯಲ್ಲೇ ಬರುತ್ತದೆ. ಪ್ರತಿ ಪೈಪಿನಲ್ಲಿ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ಹರಿಯಬೇಕು. ಲೀಟರಿನ ಬಾಟಲಿ ಹಿಡಿದು ಗಡಿಯಾರ ನೋಡಿ. ನೀರು ಮೇಲೇರದಿದ್ದರೆ ಪಂಪು ಕೆಟ್ಟಿದೆ ಎಂದು ಎಸೆಯಬೇಡಿ. ಅದರ ಮೇಲೆ ಬರೆದಿರುವ ಗರಿಷ್ಠ ಎತ್ತರದಲ್ಲಿ ಹರಿವು ಸೊನ್ನೆಯಾಗುತ್ತದೆ, ಹಾಗಾಗಿ ಪೈಪನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಇಡಬೇಕು. ವೈರಿನ ತೊಗಟೆ ಒಡೆದಿದ್ದರೆ ಮಾತ್ರ ಬದಲಿಸಲೇಬೇಕು. ಪಂಪಿನ ಲೈನಿಗೆ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಮ್ಮ ಕಡೆಯ ದೊಡ್ಡ ಚಿಂತೆ ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಎನ್‌ಎಫ್‌ಟಿಯಲ್ಲಿ ಹರಿವು ನಿಂತರೆ ಬೇರು ಬೇಗ ಒಣಗುತ್ತದೆ. ಆದ್ದರಿಂದ ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯವರು ಅದನ್ನು ಡಿಎಫ್‌ಟಿಗೆ ಬದಲಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇಳಿಜಾರು ತೆಗೆದು ಪೈಪುಗಳನ್ನು ಮಟ್ಟಸವಾಗಿಸಿ, ಹೊರಬಾಯಿಯಲ್ಲಿ ಗಿಡ್ಡ ಕೊಳವೆ ನಿಲ್ಲಿಸಿ, ಅರ್ಧ ಪೈಪು ನೀರು ಉಳಿಯುವಂತೆ ಮಾಡಿ. ಮೇಲಿನ ಅರ್ಧ ಬೇರಿನ ಉಸಿರಾಟಕ್ಕೆ. ನಾಲ್ಕಿಂಚಿನ, ಮೂರು ಮೀಟರ್ ಉದ್ದದ ಪೈಪಿನಲ್ಲಿ ಆಗ ಸುಮಾರು ಹದಿಮೂರು ಕಿಲೋ ನೀರು ನಿಲ್ಲುತ್ತದೆ. ಹಳೆಯ ಸ್ಟ್ಯಾಂಡು ಅಷ್ಟು ಭಾರ ತಡೆಯುತ್ತದೆಯೇ ಎಂದು ಪರೀಕ್ಷಿಸಿ. ಬರಿಯ ನೀರು ತುಂಬಿಸಿ ಒಂದು ದಿನ ಬಿಟ್ಟರೆ ಸೋರಿಕೆಯೂ ಗೊತ್ತಾಗುತ್ತದೆ.

ಇನ್ನು ಗೊಬ್ಬರ. ತೋಟಕ್ಕೆ ಸಿಂಪಡಿಸುವ 19:19:19 ಇಲ್ಲಿ ಸಾಲದು. ಅದರ ಸಾರಜನಕದಲ್ಲಿ ಹೆಚ್ಚಿನ ಪಾಲು ಯೂರಿಯಾ ರೂಪದ್ದು. ಅದನ್ನು ಗಿಡಕ್ಕೆ ಒಗ್ಗುವಂತೆ ಮಾರ್ಪಡಿಸುವ ಮಣ್ಣಿನ ಜೀವಾಣುಗಳು ಪೈಪಿನಲ್ಲಿ ಸಾಕಷ್ಟು ಇರುವುದಿಲ್ಲ. ಕ್ಯಾಲ್ಸಿಯಂ ಕೂಡ ಅದರಲ್ಲಿಲ್ಲ. ಹೈಡ್ರೋಪೋನಿಕ್ಸಿಗೆಂದೇ ಮಾರುವ 'ಎ' ಮತ್ತು 'ಬಿ' ದ್ರಾವಣಗಳನ್ನು ತನ್ನಿ. ನೇರವಾಗಿ ಒಂದಕ್ಕೊಂದು ಸುರಿದರೆ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಜಿಪ್ಸಮ್ ಆಗಿ ತಳ ಸೇರುತ್ತದೆ. ಡ್ರಮ್ಮಿನ ನೀರಿಗೆ ಮೊದಲು ಒಂದನ್ನು ಹಾಕಿ ಕದಡಿ, ಆಮೇಲೆ ಇನ್ನೊಂದನ್ನು ಹಾಕಿ. ಲೆಟ್ಯೂಸಿಗೆ ಇಸಿ (ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತಿಳಿಸುವ ಅಳತೆ) 1.2ರಿಂದ 1.8, ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5 ಇರಲಿ. ಘಟಕದ ಜೊತೆ ಬಂದ ಮೀಟರು ಇಸಿಯ ಬದಲು ಪಿಪಿಎಂ ತೋರಿಸುತ್ತಿದ್ದರೆ ಜೋಕೆ. ಇಸಿಯನ್ನು ಪಿಪಿಎಂಗೆ ಬದಲಿಸುವ ಲೆಕ್ಕ ಎಲ್ಲ ಮೀಟರಿನಲ್ಲೂ ಒಂದೇ ಅಲ್ಲ: ಇಸಿ 1.4 ಒಂದು ಮೀಟರಿನಲ್ಲಿ 700, ಇನ್ನೊಂದರಲ್ಲಿ 980 ಎಂದು ಕಾಣಿಸಬಹುದು.

ಡ್ರಮ್ಮಿಗೆ ಮುಚ್ಚಳ, ಘಟಕಕ್ಕೆ ಮಾಡು ಇರಲೇಬೇಕು. ಮಳೆ ನೀರು ಸೇರಿದರೆ ದ್ರಾವಣ ತೆಳುವಾಗುತ್ತದೆ, ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಆಷಾಢದ ಮೋಡದಲ್ಲಿ ಸೊಪ್ಪು ಸೊರಗಿ ಉದ್ದವಾಗುವುದರಿಂದ ದೀಪಾವಳಿಯ ಹೊತ್ತಿಗೆ ಶುರು ಮಾಡುವುದು ಒಳ್ಳೆಯದು. ಮೊದಲ ಸಲ ಲೆಟ್ಯೂಸ್ ಅಥವಾ ಪುದೀನ ಸಾಕು.

ಬದಲಿಸಿದ ಹಳೆಯ ದ್ರಾವಣವನ್ನು ಬಾವಿಕಟ್ಟೆಯ ಬಳಿ ಚೆಲ್ಲಬೇಡಿ, ಅದರಲ್ಲಿ ನೈಟ್ರೇಟ್ ಉಳಿದಿರುತ್ತದೆ. ನೀರು ಬೆರೆಸಿ ಅಡಿಕೆ ಬುಡಕ್ಕೋ ಬಸಳೆ ಚಪ್ಪರಕ್ಕೋ ಹಾಕಿ.