ರೆಕಾರ್ಡರ್ ಕಲಿಕೆಯ ಮೊದಲ ಮೂರು ಸ್ವರಗಳು

ಕಲಬುರಗಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಸೊಪ್ರಾನೊ ರೆಕಾರ್ಡರ್ (ಎತ್ತರದ ಸ್ಥಾಯಿಯ, ಕೊಳಲಿನಂಥ ಊದುವ ವಾದ್ಯ) ಕಲಿಸಲು ಹೊರಡುವ ಶಿಕ್ಷಕರು ಬೆರಳಿಗಿಂತ ಮೊದಲು ಉಸಿರನ್ನು ತಿದ್ದಬೇಕು. ಜೋರಾಗಿ ಊದಿದರೆ ಸ್ವರ ಕೀರಲಾಗುತ್ತದೆ. ವಾದ್ಯವನ್ನು ಕೊಡುವ ಮುನ್ನ ಅಂಗೈಯ ಮೇಲೆ ಮೆಲ್ಲಗೆ ಊದಿಸಿ, ಪ್ರತಿ ಸ್ವರವನ್ನೂ ನಾಲಿಗೆಯ ತುದಿಯಿಂದ ‘ತು’ ಎಂದು ಆರಂಭಿಸುವುದನ್ನು ರೂಢಿ ಮಾಡಿಸಬೇಕು. ಎಡಗೈ ಸದಾ ಮೇಲಿರಲಿ. ಹೆಬ್ಬೆರಳಿನಿಂದ ಹಿಂಬದಿಯ ರಂಧ್ರವನ್ನೂ ತೋರುಬೆರಳಿನಿಂದ ಮುಂಬದಿಯ ಮೊದಲ ರಂಧ್ರವನ್ನೂ ಮುಚ್ಚಿದರೆ ಪಾಶ್ಚಾತ್ಯ ಸಂಗೀತದ ‘ಬಿ’ ಸ್ವರ, ನಡುಬೆರಳು ಸೇರಿದರೆ ‘ಎ’, ಉಂಗುರಬೆರಳೂ ಸೇರಿದರೆ ‘ಜಿ’ ಹೊಮ್ಮುತ್ತದೆ. ‘ಜಿ’ಯನ್ನೇ ಷಡ್ಜವೆಂದು ಹಿಡಿದರೆ ಇವು ಗ, ರಿ, ಸ ಆಗುವುದರಿಂದ ಮೊದಲು ಹಾಡಿಸಿ, ಆಮೇಲೆ ನುಡಿಸುವುದು ಲೇಸು (ಪಾಶ್ಚಾತ್ಯ ಹೆಸರುಗಳಿಗೆ ಅವಸರವಿಲ್ಲ). ರಂಧ್ರವನ್ನು ಬೆರಳಿನ ಮೊನೆಯಿಂದಲ್ಲ, ಅದರ ಮೆತ್ತನೆಯ ಭಾಗದಿಂದ ಮುಚ್ಚಿಸಬೇಕು. ಪ್ಲಾಸ್ಟಿಕ್ ವಾದ್ಯವನ್ನು ಸಾಬೂನು ನೀರಿನಲ್ಲಿ ತೊಳೆದು, ಇಲ್ಲಿನ ಬೇಸಿಗೆಯ ಬಿಸಿಲಿಗೆ ಇಡದೆ ನೆರಳಿನಲ್ಲಿ ಒಣಗಿಸಬೇಕು.