ಟಿವಿ ಹಚ್ಚದೆ ಡಿಶ್‌ನಿಂದ ಆಕಾಶವಾಣಿ ಕೇಳುವುದು ಹೇಗೆ?

ಇಂಡಿ ತಾಲ್ಲೂಕಿನ ನಮ್ಮೂರಿನಲ್ಲಿ ಕಾಕಾನ ರೇಡಿಯೋ ಕೆಟ್ಟಿರಲಿಲ್ಲ. ಸೆಲ್ ಹೊಸವು, ಸ್ಪೀಕರ್ ಚಲೋ ಇತ್ತು. ಆದರೂ 765 ಕಿಲೋಹರ್ಟ್ಸ್‌ಗೆ ಮುಳ್ಳು ತಂದು ಧಾರವಾಡ ಹಚ್ಚಿದರೆ ಬರೀ ಗೊರಗೊರ. ಪಡಸಾಲೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಮೀಡಿಯಂ ವೇವ್ ಮೇಲೆ ಸದ್ದು ಎಬ್ಬಿಸುತ್ತವೆ. ಓಣಿಯ ಕರೆಂಟು ಹೋದಾಗ ಮಾತ್ರ ಧ್ವನಿ ತಿಳಿಯಾಗುತ್ತಿತ್ತು. ಇನ್ನು ವಿಜಯಪುರದ ಎಫ್‌ಎಂ. ಅದರ ಅಲೆ ನೆಟ್ಟಗೆ ಸಾಗುವಂಥದ್ದು, ಭೂಮಿ ಬಾಗಿದಂತೆ ತಾನು ಬಾಗುವುದಿಲ್ಲ. ಐವತ್ತು ಅರವತ್ತು ಕಿಲೋಮೀಟರ್ ಆಚೆಗೆ ಒಂದು ಕೋಣೆಯಲ್ಲಿ ಕೇಳಿದರೆ ಇನ್ನೊಂದರಲ್ಲಿ ಇಲ್ಲ.

1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಿನಿಂದ ನಮ್ಮ ಕಡೆಯ ರೈತರ ಮನೆಗಳಲ್ಲಿ ಬೆಳಗು ಆಗುತ್ತಿದ್ದುದೇ ಆಕಾಶವಾಣಿಯಿಂದ. ಮಳೆಯ ಮುನ್ಸೂಚನೆ, ಪೇಟೆಯ ಧಾರಣೆ, ವಚನ, ವಾರ್ತೆ ಎಲ್ಲ ಕೇಳುತ್ತಲೇ ಹಾಲು ಹಿಂಡುವ ಕೆಲಸ ಮುಗಿಯುತ್ತಿತ್ತು. ಆ ಧ್ವನಿ ಮನೆಯಿಂದ ಹೋದರೆ ಏನು ಕಳೆಯುತ್ತದೆ ಎಂಬುದನ್ನು ನಾನು ಕಾಕಾನ ಮುಖದಲ್ಲಿ ನೋಡಿದ್ದೇನೆ. ಅದಕ್ಕೇ ಹೋದ ವರ್ಷ ಮಾಳಿಗೆಯ ಮೇಲೆ ಡಿಶ್ ಕೂಡಿಸಿದೆ. ನೀವೂ ಮಾಡಬಹುದು. ತಿಂಗಳ ಬಾಡಿಗೆ ಇಲ್ಲ, ರಿಚಾರ್ಜ್ ಇಲ್ಲ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಮೇಲೆ ಬೇಜಾರಾಗುತ್ತದೆ. ಪ್ರಸಾರ ಭಾರತಿಯ ಉಚಿತ ಸೇವೆ ಡಿಡಿ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಟಿವಿ ಚಾನೆಲ್‌ಗಳ ಜೊತೆಗೆ ಆಕಾಶವಾಣಿಯ 48 ರೇಡಿಯೋ ಚಾನೆಲ್‌ಗಳೂ ಅದರಲ್ಲಿ ಬರುತ್ತವೆ. ನಮಗೆ ಬೇಕಾದದ್ದು ಮುಖ್ಯವಾಗಿ ಆಕಾಶವಾಣಿಯ ಕನ್ನಡ ಚಾನೆಲ್. ಅದರ ಜೊತೆಗೆ ವಿವಿಧ ಭಾರತಿ. ಬೆಂಗಳೂರಿನಿಂದ ಬರುವ, 2016ರ ಜನವರಿ 26ರಂದು ಶುರುವಾದ ಶಾಸ್ತ್ರೀಯ ಸಂಗೀತದ ‘ರಾಗಂ’ ಕೂಡ ಇದೆ. ಕಾಕಾ ರಾತ್ರಿ ಊಟವಾದ ಮೇಲೆ ಅದನ್ನೇ ಹಚ್ಚುತ್ತಾನೆ.

ಆದರೆ ವಿಜಯಪುರದ ಎಫ್‌ಎಂ ಹಾಗೆಯೇ ಉಪಗ್ರಹದಿಂದ ಇಳಿಯುವುದಿಲ್ಲ. ಬೆಳಗಾವಿಯ ಕೆಎಲ್‌ಇ ಶಿಕ್ಷಣ ಸಂಸ್ಥೆ ನಡೆಸುವ ಸಮುದಾಯ ರೇಡಿಯೋ ‘ವೇಣುಧ್ವನಿ’ 90.4 ಇದೆಯಲ್ಲ, ಅದೂ ಇಲ್ಲ. ಸಮುದಾಯ ರೇಡಿಯೋ ಇರುವುದೇ ಸುತ್ತಲಿನ ಜನರಿಗಾಗಿ, ಅದನ್ನು ಎಫ್‌ಎಂನಲ್ಲೇ ಹಿಡಿಯಬೇಕು. ಧಾರವಾಡ ಕೇಂದ್ರವೇ ಬೇಕೆಂದರೆ ನ್ಯೂಸ್ ಆನ್ ಏರ್ ಎಂಬ ಪ್ರಸಾರ ಭಾರತಿಯ ಆ್ಯಪ್ ಇದೆ. ಅದರಲ್ಲಿ 200ಕ್ಕೂ ಹೆಚ್ಚು ಆಕಾಶವಾಣಿ ಕೇಂದ್ರಗಳಿವೆ. ಇಂಟರ್ನೆಟ್ ಗಟ್ಟಿಯಾಗಿ ಸಿಗುವವರಿಗೆ ಅದು ಸಾಕು. ನಮ್ಮ ತೋಟದ ಮನೆಯಲ್ಲಿ ಸಿಗುವುದಿಲ್ಲ, ಕಾಕಾನಿಗೆ ಮೊಬೈಲ್ ಕೈಗೂ ಹತ್ತುವುದಿಲ್ಲ. ಡಿಶ್ ಮೇಲೆ ನಾನು ಇಷ್ಟು ಬರೆಯುತ್ತಿರುವುದು ಅಂಥ ಮನೆಗಳಿಗಾಗಿಯೇ.

ಬೇಕಾದ ಸಾಮಾನು

60 ಸೆಂಟಿಮೀಟರ್ ಡಿಶ್, ಯೂನಿವರ್ಸಲ್ ಕೆಯು ಬ್ಯಾಂಡ್ ಎಲ್‌ಎನ್‌ಬಿ (ಡಿಶ್ ಮುಂದೆ ತೋಳಿನ ಮೇಲೆ ಕೂತು ಅಲೆ ಹಿಡಿಯುವ ಸಾಧನ), ಆರ್‌ಜಿ-6 ಕೇಬಲ್, ಅದರ ತುದಿಗಳಿಗೆ ಹಾಕುವ ಎರಡು ಎಫ್ ಕನೆಕ್ಟರ್, ಫ್ರೀ ಡಿಶ್ ಸೆಟ್‌ಟಾಪ್ ಬಾಕ್ಸ್. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಮಡಚಿ ಬಂದ ಚಿತ್ರ, ಧ್ವನಿ ಬಿಚ್ಚುವ ಹೊಸ ಪದ್ಧತಿ) ಇರುವುದನ್ನೇ ಕೇಳಿ. ಹಿಂದೆ ಆಡಿಯೋ ಔಟ್ ಇದೆಯೇ ಎಂದು ಕಣ್ಣಾರೆ ನೋಡಿ. ಬರೀ ಎಚ್‌ಡಿಎಂಐ ಇರುವ ಬಾಕ್ಸ್ ನಮ್ಮ ಕೆಲಸಕ್ಕೆ ಒದಗುವುದಿಲ್ಲ.

ಮನೆಯಲ್ಲಿ ಹಳೆಯ ಸನ್ ಡೈರೆಕ್ಟ್ ಡಿಶ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹೆಚ್ಚಾಗಿ ಅದೂ ಫ್ರೀ ಡಿಶ್ಶೂ ನೋಡುವುದು ಒಂದೇ ಕಡೆ, 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದ ಕಡೆ. ಟಾಟಾ ಪ್ಲೇ ಅಥವಾ ಏರ್‌ಟೆಲ್ ಡಿಶ್ ಇದ್ದರೆ ದಿಕ್ಕು ತಿರುಗಿಸಲೇಬೇಕು.

ಜಾಗ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ನಾನು ಮಾಡಿದ ತಪ್ಪು ಇಲ್ಲೇ. ಮಾಘದಲ್ಲಿ ಡಿಶ್ ಕೂಡಿಸಿದೆ, ಪಕ್ಕದ ಬೇವಿನ ಮರ ಎಲೆ ಉದುರಿಸಿ ಬೋಳಾಗಿತ್ತು. ಸಿಗ್ನಲ್ ಗಟ್ಟಿಯಾಗಿ ಬಂತು. ಯುಗಾದಿಗೆ ಮರ ಚಿಗುರಿತು. ಹಬ್ಬದ ದಿನ ಬೇವು-ಬೆಲ್ಲ ತಿನ್ನುವ ಹೊತ್ತಿಗೆ ರೇಡಿಯೋ ತಡವರಿಸತೊಡಗಿತ್ತು. ಹಸಿ ಎಲೆಯೊಳಗಿನ ನೀರು ಈ ಸೂಕ್ಷ್ಮ ಅಲೆಗಳನ್ನು ಹೀರಿಬಿಡುತ್ತದೆ. ಡಿಶ್ ಬಿಚ್ಚಿ ಮಾಳಿಗೆಯ ಇನ್ನೊಂದು ಮೂಲೆಗೆ ಒಯ್ಯಬೇಕಾಯಿತು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳಿಂದ ಈ ಉಪಗ್ರಹ ಕಾಣುವುದು ಆಗ್ನೇಯ ದಿಕ್ಕಿನಲ್ಲಿ. ಉತ್ತರದಿಂದ ಬಲಕ್ಕೆ ಅಳೆದರೆ ವಿಜಯಪುರಕ್ಕೆ ಸುಮಾರು 132 ಡಿಗ್ರಿ, ಬಾಗಲಕೋಟೆಗೆ 131, ಬೆಳಗಾವಿಗೆ 128. ಎತ್ತರ ಎಲ್ಲ ಕಡೆ 61ರಿಂದ 62 ಡಿಗ್ರಿ, ಅಂದರೆ ಕತ್ತು ಚೆನ್ನಾಗಿ ಎತ್ತಿ ನೋಡುವಷ್ಟು ಮೇಲೆ. ಲೆಕ್ಕ ಹೀಗೆ ಹಿಡಿಯಿರಿ: ಆ ದಿಕ್ಕಿನಲ್ಲಿ 10 ಅಡಿ ದೂರದಲ್ಲಿ ಗೋಡೆಯೋ ಮರವೋ ಇದ್ದರೆ, ಅದು ಡಿಶ್‌ಗಿಂತ 18 ಅಡಿ ಎತ್ತರ ಆಗುವವರೆಗೂ ಅಡ್ಡ ಬರುವುದಿಲ್ಲ. 5 ಅಡಿ ದೂರದಲ್ಲಿದ್ದರೆ 9 ಅಡಿಯೊಳಗೆ ಇರಬೇಕು.

ಇನ್ನೊಂದು ಉಪಾಯ ಇದೆ. ಮಾರ್ಚ್ ನಡುವಿಗೆ ಮತ್ತು ಸೆಪ್ಟೆಂಬರ್ ಕೊನೆಗೆ ಕೆಲವು ದಿನ, ಬೆಳಗಿನ 11 ಗಂಟೆಯ ಆಸುಪಾಸು, ಸೂರ್ಯ ನಮ್ಮ ಕಣ್ಣಿಗೆ ಈ ಉಪಗ್ರಹದ ಸರಿಯಾಗಿ ಹಿಂದೆ ಬರುತ್ತಾನೆ. ಆ ಹೊತ್ತಿಗೆ ಮಾಳಿಗೆ ಹತ್ತಿ ನಿಂತು ನೋಡಿ. ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿಗೆ ಉಪಗ್ರಹದ ಅಲೆಯೂ ಬೀಳುತ್ತದೆ, ಎಲ್ಲಿ ನೆರಳಿದೆಯೋ ಆ ಜಾಗ ಬೇಡ. ಅದೇ ದಿನಗಳಲ್ಲಿ ಕೆಲವು ನಿಮಿಷ ಸಿಗ್ನಲ್ ತಾನಾಗಿಯೇ ಹೋಗಿ ಬರುವುದುಂಟು, ಸೂರ್ಯನ ಶಾಖದ ಸದ್ದು ಎಲ್‌ಎನ್‌ಬಿಯನ್ನು ಮುಚ್ಚಿಬಿಡುತ್ತದೆ. ಆಗ ನಟ್ಟು ಬೋಲ್ಟು ಮುಟ್ಟಬೇಡಿ, ತಾನೇ ಸರಿಹೋಗುತ್ತದೆ.

ಕೂಡಿಸುವುದು

ಡಿಶ್‌ನ ಕಂಬ ತೂಗುಗುಂಡು ಹಚ್ಚಿ ನೋಡಿದಷ್ಟು ನೆಟ್ಟಗಿರಬೇಕು. ಕಂಬ ಓರೆಯಾದರೆ ಡಿಶ್ ಹಿಂದೆ ಬರೆದಿರುವ ಡಿಗ್ರಿ ಗುರುತುಗಳಿಗೆ ಅರ್ಥ ಉಳಿಯುವುದಿಲ್ಲ. ಗುರುತನ್ನು 62ಕ್ಕೆ ಇಟ್ಟು ಬೋಲ್ಟುಗಳನ್ನು ಅರ್ಧ ಬಿಗಿ ಮಾಡಿ. ಡಿಶ್ ಅಷ್ಟು ಮೇಲೆ ನೋಡಿದಂತೆ ಕಾಣುವುದಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಈ ಡಿಶ್‌ಗಳು ಆಫ್‌ಸೆಟ್ ಬಗೆಯವು, ಅವುಗಳ ನೋಟ ಮುಖಕ್ಕಿಂತ ಸುಮಾರು 25 ಡಿಗ್ರಿ ಮೇಲಿರುತ್ತದೆ. ದಿಕ್ಕನ್ನು ಮೊಬೈಲ್ ಕಂಪಾಸ್‌ನಲ್ಲಿ ನೋಡುವುದಾದರೆ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

ಕೇಬಲ್ ತುದಿ ಸುಲಿಯುವಾಗ ನಡುವಿನ ತಂತಿ ಕನೆಕ್ಟರ್‌ನಿಂದ ಎರಡು ಮೂರು ಮಿಲಿಮೀಟರ್ ಹೊರಗಿರಲಿ. ಸುತ್ತಲಿನ ಹೆಣೆದ ತಂತಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಬಾಕ್ಸ್ ಇದೇ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ, ತಾಗಿದರೆ ಶಾರ್ಟ್. ಆದ್ದರಿಂದ ಕೇಬಲ್ ಜೋಡಿಸುವಾಗ ಬಾಕ್ಸ್‌ನ ಪ್ಲಗ್ ಕಿತ್ತಿರಬೇಕು. ಎಲ್‌ಎನ್‌ಬಿ ಕೆಳಗೆ ಕೇಬಲ್ ಒಂದು ಸುತ್ತು ಜೋತು ಬೀಳಲಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖಾನಾಪುರದ ಕಡೆಯ ಮಳೆಗೆ ಇದು ಮಾಡಲೇಬೇಕಾದ ಕೆಲಸ.

ಈಗ ಬಾಕ್ಸ್ ಆನ್ ಮಾಡಿ ಸೆಟ್ಟಿಂಗ್‌ಗೆ ಹೋಗಿ. ಎಲ್‌ಎನ್‌ಬಿ 9750-10600, ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಎಂದು ಕೊಡಿ. ತೆರೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಎಂಬ ಪಟ್ಟಿ ಕೇಬಲ್ ಜೋಡಿಸಿದ ಕೂಡಲೇ ಏರಿಬಿಡುತ್ತದೆ, ಅದನ್ನು ನಂಬಬೇಡಿ. ನೋಡಬೇಕಾದದ್ದು ಕ್ವಾಲಿಟಿ.

ಇದಕ್ಕೆ ಇಬ್ಬರು ಬೇಕು. ನಾನು ಮೇಲೆ, ಕಾಕಾ ಕೆಳಗೆ ಟಿವಿ ಮುಂದೆ.

“ಕಾಕಾ, ಬಂತೇನ್ರಿ?”

“ಏನೂ ಇಲ್ಲೋ ತಮ್ಮಾ. ಸೊನ್ನಿನ ಐತಿ.”

ಬೆರಳಗಲ ಸರಿಸುವುದು, ನಾಲ್ಕೈದು ಸೆಕೆಂಡ್ ತಡೆಯುವುದು, ಮತ್ತೆ ಸರಿಸುವುದು. ಬಾಕ್ಸ್‌ಗೆ ಸಿಗ್ನಲ್ ಗುರುತು ಹಿಡಿಯಲು ಅಷ್ಟು ಹೊತ್ತು ಬೇಕು. ಎಡದಿಂದ ಬಲಕ್ಕೆ ಒಂದು ಸಲ ಪೂರ್ತಿ ಹೋದರೂ ಬರದಿದ್ದರೆ ಎತ್ತರವನ್ನು ಒಂದು ಡಿಗ್ರಿ ಬದಲಿಸಿ ಮತ್ತೆ ಶುರು. ನಮಗೆ ಮುಕ್ಕಾಲು ತಾಸು ಹಿಡಿಯಿತು. “ಬಂತು! ಅಲ್ಲೇ ಹಿಡಿ, ಅಳ್ಳಾಡಸಬ್ಯಾಡ!” ಎಂದು ಕಾಕಾ ಕೂಗಿದ್ದು ಮೂರು ಮನೆಯಾಚೆಗೂ ಕೇಳಿರಬೇಕು. ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ, ಕ್ವಾಲಿಟಿ ಹೆಚ್ಚಿರುವಲ್ಲಿ ನಿಲ್ಲಿಸಿ. ಬೋಲ್ಟುಗಳನ್ನು ಒಂದೊಂದೇ ಸುತ್ತಾಗಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಎಳೆದುಕೊಳ್ಳುತ್ತದೆ. ಕೊನೆಗೆ ಆಟೋ ಸ್ಕ್ಯಾನ್.

ಟಿವಿಯನ್ನು ಬದಿಗಿಡುವುದು

ರಿಮೋಟ್‌ನಲ್ಲಿ ಟಿವಿ/ರೇಡಿಯೋ ಎಂಬ ಗುಂಡಿ ಒತ್ತಿದರೆ ರೇಡಿಯೋ ಪಟ್ಟಿ ಬರುತ್ತದೆ. ಆ ಗುಂಡಿ ಇಲ್ಲದಿದ್ದರೆ ಮೆನುವಿನಲ್ಲಿ ಹುಡುಕಿ. ಕನ್ನಡ ಚಾನೆಲ್‌ನ ನಂಬರ್ ಬರೆದಿಟ್ಟುಕೊಳ್ಳಿ, ಟಿವಿ ಆಫ್ ಇದ್ದಾಗ ಅದೇ ಆಧಾರ. ಬಾಕ್ಸ್‌ನ ಹಿಂದೆ ಕೆಂಪು, ಬಿಳಿ, ಹಳದಿ ತೂತುಗಳಿದ್ದರೆ ಕೆಂಪು-ಬಿಳಿಯಿಂದ ಆ್ಯಂಪ್ಲಿಫೈಯರ್‌ಗೋ ಹಳೆಯ ಟೇಪ್ ರೆಕಾರ್ಡರ್‌ನ ಆಕ್ಸ್‌ಗೋ ತಂತಿ ಎಳೆಯಿರಿ. ಹಳದಿ ಚಿತ್ರದ್ದು, ಅದು ಬೇಡ. ಒಂದೇ ಸಣ್ಣ ಎವಿ ತೂತು ಇದ್ದರೆ ಮೂರು ಬಾಲದ ಎವಿ ಕೇಬಲ್ಲೇ ಬೇಕು. ಸಾಮಾನ್ಯ ಇಯರ್‌ಫೋನ್ ಪಿನ್ ಸಿಕ್ಕಿಸಿದರೆ ಚಿತ್ರದ ಸಿಗ್ನಲ್ ಸೇರಿಕೊಂಡು ಗುಂಯ್ ಎನ್ನುವುದುಂಟು.

ನಾವು ಒಂದು ತಂತಿಯನ್ನು ಅಡುಗೆಮನೆಗೂ ಎಳೆದೆವು. ಈಗ ಟಿವಿಗೆ ಬಟ್ಟೆ ಹೊದಿಸಿರುತ್ತದೆ, ಬಾಕ್ಸ್ ಮಾತ್ರ ನಡೆಯುತ್ತದೆ, ಕಾಕಾನ ಹೆಂಡತಿ ಕಾಕು ರೊಟ್ಟಿ ಬಡಿಯುತ್ತ ಕೇಳುತ್ತಾಳೆ.

ದೊಡ್ಡ ಮಳೆ ಸುರಿಯುವಾಗ ಧ್ವನಿ ಕತ್ತರಿಸುತ್ತದೆ, ಮಳೆ ಸರಿದ ಮೇಲೆ ಬರುತ್ತದೆ. ಇನ್ನೊಂದು ಮಾತು ಗಡಿಯಾರದ್ದು. ವಾರ್ತೆಗೆ ಮೊದಲು ಬರುವ ಟೀಂ ಟೀಂ ಸದ್ದಿಗೆ ಗಡಿಯಾರ ಹೊಂದಿಸುವ ರೂಢಿ ಕಾಕಾನದು. ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡ್, ಡಿಜಿಟಲ್ ಆಗಿ ಮಡಚಿ ಬಿಚ್ಚಲು ಮತ್ತಷ್ಟು ಹೊತ್ತು ಹಿಡಿಯುತ್ತದೆ. ಒಂದು ಸಂಜೆ ಕರೆಂಟು ಬರುವ ಮೊದಲು ಹಳೆಯ ರೇಡಿಯೋ ಹಚ್ಚಿದ್ದ. ಕರೆಂಟು ಬಂದು ಡಿಶ್ ಕೂಡ ಶುರುವಾಯಿತು. ಗೊರಗೊರದ ನಡುವೆ ರೇಡಿಯೋದಲ್ಲಿ ಟೀಂ ಟೀಂ ಮೊದಲು ಕೇಳಿತು, ಅದರ ಬೆನ್ನಿಗೇ ಡಿಶ್‌ನಿಂದ ಇನ್ನೊಮ್ಮೆ, ಸ್ವಚ್ಛವಾಗಿ. ಗಡಿಯಾರಕ್ಕೆ ಹಳೆಯ ರೇಡಿಯೋ, ಕೇಳುವುದಕ್ಕೆ ಡಿಶ್ ಎಂದು ಕಾಕಾ ಅವತ್ತೇ ನಿರ್ಧರಿಸಿದ. ಎರಡೂ ಈಗ ಒಂದೇ ಗೂಡಿನಲ್ಲಿವೆ.