ಕಥೆ ಹೇಳುವವರನ್ನು ಬದಲಿಸಿದ ನನ್ನ ಅನುಭವ

ಅಣ್ಣತಮ್ಮಂದಿರು ಪಾಲಾಗುವ ಒಂದೇ ಕಥೆಯನ್ನು ಐದು ವರ್ಷಗಳಲ್ಲಿ ಏಳು ಬಾರಿ ಬರೆದೆ. ಆರು ಸಲವೂ ಪತ್ರಿಕೆಗಳಿಂದ ಮರಳಿ ಬಂತು. ಈ ನಡುವೆ ಅದೇ ಧಾಟಿಯ ಹನ್ನೊಂದು ಕಥೆಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದೆ. 500 ಪ್ರತಿಗಳಿಗೆ ಸುಮಾರು 45,000 ರೂಪಾಯಿ ತಗುಲಿತು, ಮಾರಾಟವಾದದ್ದು ನೂರಿಪ್ಪತ್ತರ ಆಸುಪಾಸು.

ಎಲ್ಲರ ಮನಸ್ಸನ್ನೂ ಬಲ್ಲವನಂತೆ ಕಥೆ ಹೇಳುವ ಸರ್ವಜ್ಞ ನಿರೂಪಕನನ್ನು ಬಿಡಲು ನನಗೆ ಧೈರ್ಯವಿರಲಿಲ್ಲ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಬ್ಬನೇ ನಾಯಕನನ್ನು ನೆಚ್ಚದೆ ಹಲವರ ಬದುಕನ್ನು ಹೆಣೆಯುತ್ತದೆ. ಬೃಹತ್ ಕಾದಂಬರಿಗೆ ಒಗ್ಗುವ ಆ ಹರಹನ್ನು ನಾನು ಕೆಲವೇ ಪುಟಗಳಿಗೆ ತುರುಕಿ, ಆರು ಜನರ ಮನಸ್ಸಿನೊಳಗೆ ಹೊಕ್ಕು ಕಥೆಯನ್ನು ಕೆಡಿಸಿದ್ದೆ. ತಮ್ಮನಿಗೆ ಬರೆದ ಪತ್ರದಂತೆ ‘ನೀನು’ ಎಂದು ಹೇಳಿಯೂ ನೋಡಿದೆ. ಎರಡನೆಯ ಪುಟಕ್ಕೇ ಅದು ಬರೀ ದೂರುಗಳ ಪಟ್ಟಿಯಾಯಿತು.

ಏಳನೆಯ ಸಲ ಕಥೆಯನ್ನು ಆ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸಿನ ಬಾಯಿಗೆ ಕೊಟ್ಟೆ. ‘ಒಳಗಿನ ಜಗಳ ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮೆಟ್ಟಿ ಕೂತವಳಿಗೆ ಹೇಗೆ ತಿಳಿಯುತ್ತದೆ?’ ಎಂದು ಗೆಳೆಯರು ಆಕ್ಷೇಪಿಸಿದರು. ತಿಳಿಯದಿರುವುದೇ ನನಗೆ ಬೇಕಾಗಿತ್ತು. ‘ಅಣ್ಣನ ಮೇಲಿನ ಅಸಮಾಧಾನ ಅವನೊಳಗೆ ಹೊಗೆಯಾಡುತ್ತಿತ್ತು’ ಎಂಬ ಹಳೆಯ ಮೊದಲ ವಾಕ್ಯದ ಜಾಗದಲ್ಲಿ ಈಗ ‘ಈ ವರ್ಷ ಅಡಿಕೆ ಬೇಯಿಸಲು ಎರಡು ಹಂಡೆ ಇಟ್ಟಿದ್ದರು’ ಎಂದಿದೆ. ಜಗಳದ ಮಾತನ್ನೇ ಎತ್ತದೆ ಮನೆ ಒಡೆದದ್ದು ಅಲ್ಲಿಯೇ ಕಾಣುತ್ತದೆ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವವರಿಗೆ ಒಬ್ಬರ ಮೇಲೆ ಗೌರವವಿದೆಯೇ ಇಲ್ಲವೇ ಎಂಬುದು ಕ್ರಿಯಾಪದದ ಕೊನೆಯಲ್ಲೇ ತಿಳಿದುಬಿಡುತ್ತದೆ. ಆ ಮನೆಯ ತಮ್ಮನ ಬಗ್ಗೆ ಅವಳು ಮೊದಲು ‘ಸಣ್ಣ ಹೆಗಡೇರು ಬಂದರು’ ಎನ್ನುತ್ತಾಳೆ. ಆತ ಅವಳ ಕೂಲಿಯಲ್ಲಿ ಸುಲಿದ ಅಡಿಕೆಯ ಒಂದು ಡಬ್ಬದ ಲೆಕ್ಕ ತಪ್ಪಿಸಿದ ಮೇಲೆ ‘ಸಣ್ಣವ ಬಂದ’ ಎನ್ನುತ್ತಾಳೆ. ಅವಳ ಸಿಟ್ಟಿಗೆ ನಾನು ಬೇರೆ ವಾಕ್ಯವನ್ನೇ ಬರೆಯಬೇಕಾಗಲಿಲ್ಲ. ಆ ತಿರುವನ್ನು ಎಷ್ಟನೆಯ ಪುಟದಲ್ಲಿ ಇಡಬೇಕೆಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ.

ಹದಿನಾಲ್ಕು ಪುಟಗಳಿದ್ದ ಕಥೆ ಒಂಬತ್ತಕ್ಕೆ ಇಳಿದು ಒಂದು ದೀಪಾವಳಿ ವಿಶೇಷಾಂಕದಲ್ಲಿ ಪ್ರಕಟವಾಯಿತು. ಗೌರವಧನ ಎರಡು ಸಾವಿರದಷ್ಟು ಬಂತು. ಓದಿದವರ ಕರೆಗಳು ಮೂವತ್ತಕ್ಕೂ ಹೆಚ್ಚು. ನಾನು ಬರೆದವುಗಳಲ್ಲಿ ಇದೇ ಉತ್ತಮ ಕಥೆ ಎನ್ನಲು ನನಗೆ ಸಂಕೋಚವಿಲ್ಲ. ಹಳೆಯ ಸಂಕಲನದ ಎರಡು ಕಥೆಗಳನ್ನು ಇದೇ ಕ್ರಮದಲ್ಲಿ ಮತ್ತೆ ಬರೆಯುತ್ತಿದ್ದೇನೆ. ಒಂದಕ್ಕೆ ಹೇಳುವವರು ಸಿಕ್ಕಿದ್ದಾರೆ, ಇನ್ನೊಂದಕ್ಕೆ ಹುಡುಕುತ್ತಿದ್ದೇನೆ.